ಕೊನೆ ಗೊತ್ತಿದ್ದರೂ ಎದೆ ಹೊಡೆದುಕೊಳ್ಳುವುದು ಯಾಕೆ?

ಯುದ್ಧದ ಸಿನಿಮಾ. ಸೈನಿಕನೊಬ್ಬ ಜೇಬಿನಿಂದ ಹೆಂಡತಿಯ ಫೋಟೊ ತೆಗೆದು ಗೆಳೆಯನಿಗೆ ತೋರಿಸುತ್ತಾನೆ. ಮುಂದಿನ ವಾರ ಮನೆಗೆ ಹೋಗ್ತೀನಿ ಅನ್ನುತ್ತಾನೆ. ಮುಗೀತು, ಇವನು ಉಳಿಯೋದಿಲ್ಲ ಅಂತ ನಮಗೆ ಆಗಲೇ ಗೊತ್ತಾಗಿಬಿಡುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಸಿನಿಮಾ ನೋಡಿ ನೋಡಿ ಮನಸ್ಸು ತಾನೇ ಕಲಿತದ್ದು.

ಇಂಥ ಅಚ್ಚುಗಳು ಸಿನಿಮಾಗಿಂತ ಎಷ್ಟೋ ಹಳೆಯವು. ರಷ್ಯಾದ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ನೂರು ಜಾನಪದ ಕಥೆಗಳನ್ನು ಬಿಡಿಸಿ ನೋಡಿ 1928ರಲ್ಲಿ ಒಂದು ಲೆಕ್ಕ ಕೊಟ್ಟರು. ಪಾತ್ರಗಳು ಬದಲಾಗುತ್ತವೆ, ಆದರೆ ನಡೆಯುವ ಘಟನೆಗಳ ಬಗೆ ಬರೀ 31. ಬರುವ ಸರದಿಯೂ ಹೆಚ್ಚುಕಡಿಮೆ ಒಂದೇ. ಮಾಡಬೇಡ ಅಂದದ್ದನ್ನು ಯಾರೋ ಮಾಡುತ್ತಾರೆ, ವಿಲನ್ ಕೇಡು ತರುತ್ತಾನೆ, ಹೀರೊ ಮನೆ ಬಿಟ್ಟು ಹೊರಡುತ್ತಾನೆ. ಗೆದ್ದಮೇಲೆ ಇನ್ಯಾರೋ ಬಂದು 'ಗೆದ್ದವನು ನಾನು' ಅನ್ನುವ ಘಟನೆಯೂ ಆ ಪಟ್ಟಿಯಲ್ಲಿದೆ. ಕೊನೆಯದು ಮದುವೆ. ಇದು ಕೇಳಿದ ಹಾಗಿದೆ, ಅಲ್ವಾ?

ಅಚ್ಚು ಉಳಿಯುವುದಕ್ಕೆ ಕಾರಣ ನಮ್ಮ ನೆನಪಿನಲ್ಲೇ ಇದೆ. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲೆಂಡಿನ ಜನರಿಗೆ ಓದಲು ಕೊಟ್ಟು, ಆಮೇಲೆ ನೆನಪಿನಿಂದ ಹೇಳಿಸಿದರು. ಸಮಯ ಕಳೆದಂತೆ ಕಥೆ ಚಿಕ್ಕದಾಯಿತು. ಅರ್ಥವಾಗದ ದೆವ್ವಗಳು ಮಾಯವಾದವು. ಕ್ಯಾನೋ ಹೋಗಿ ಮಾಮೂಲಿ ದೋಣಿ ಬಂತು, ಸೀಲ್ ಅನ್ನುವ ಕಡಲಪ್ರಾಣಿಯ ಬೇಟೆ ಹೋಗಿ ಮೀನು ಹಿಡಿಯೋದು ಬಂತು! ಅಂದರೆ ಮನಸ್ಸು ಕಥೆಯನ್ನು ಇದ್ದ ಹಾಗೆ ಇಟ್ಟುಕೊಳ್ಳುವುದಿಲ್ಲ, ತನಗೆ ಪರಿಚಯವಿರುವ ಚೌಕಟ್ಟಿಗೆ ಕೂರಿಸಿಕೊಳ್ಳುತ್ತದೆ. ಬಾಯಿಂದ ಬಾಯಿಗೆ ಹೋಗುವಾಗ ಚೌಕಟ್ಟಿಗೆ ಒಗ್ಗಿದ್ದೇ ಜಾಸ್ತಿ ಉಳಿಯುತ್ತದೆ.

ಹಾಗಾದರೆ ಬೋರ್ ಹೊಡೆಯಬೇಕಿತ್ತಲ್ಲ? ಬಾಂಬಿನ ಗಡಿಯಾರ ಕೊನೇ ಸೆಕೆಂಡಿನಲ್ಲಿ ನಿಲ್ಲುತ್ತದೆ ಅಂತ ಗೊತ್ತಿದ್ದೂ ಕೈ ಬೆವರುತ್ತದೆ. ಕಥೆಯೊಳಗೆ ಮುಳುಗಿದಾಗ ಹೊರಗಿನ ತಿಳಿವಳಿಕೆ ಆ ಗಳಿಗೆಗೆ ನೆರವಿಗೆ ಬರುವುದಿಲ್ಲ ಅನ್ನುವುದು ಮನೋವಿಜ್ಞಾನಿ ರಿಚರ್ಡ್ ಗೆರಿಗ್ ಅವರ ವಾದ. ಕ್ಯಾಲಿಫೋರ್ನಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಂತೂ, ಸಣ್ಣಕಥೆಯ ಕೊನೆಯನ್ನು ಮೊದಲೇ ತಿಳಿದವರೇ ಅದನ್ನು ಹೆಚ್ಚು ಮೆಚ್ಚಿದರು. ಆಮೇಲಿನ ಕೆಲವು ಪ್ರಯೋಗಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ಅದೇನೇ ಇರಲಿ, ಏನಾಗುತ್ತದೆ ಅನ್ನುವ ಚಿಂತೆ ಇಲ್ಲದಿದ್ದಾಗ ಹೇಗೆ ಆಗುತ್ತದೆ ಅನ್ನುವುದರ ಕಡೆ ಕಣ್ಣು ಹೋಗುತ್ತದೆ.

ಅದಕ್ಕೇ ಫಾರ್ಮುಲಾ ಅಂತ ಸುಮ್ನೆ ಬಯ್ಯುವುದು ನನಗೆ ಒಪ್ಪಿಗೆಯಿಲ್ಲ. ಹೀರೊಗೆ ಸೇಡಿನ ಕಾರಣ ಬೇಕು ಅಂತ ಮೊದಲ ಹತ್ತು ನಿಮಿಷದಲ್ಲೇ ಅವನ ತಂಗಿಯನ್ನು ಕೊಲ್ಲುತ್ತಾರಲ್ಲ, ಸಿಟ್ಟು ಬರುವುದು ಅಲ್ಲಿ. ಅವಳು ಏನು ಓದುತ್ತಿದ್ದಳು, ಯಾವುದಕ್ಕೆ ನಗುತ್ತಿದ್ದಳು ಅಂತ ಒಂದು ದೃಶ್ಯವನ್ನಾದರೂ ಬರೆದಿದ್ದರೆ ಅದೇ ಹಳೇ ಕಥೆಗೆ ನಾವು ನಿಜವಾಗಿ ಅಳುತ್ತಿದ್ದೆವು.