ಲಾಟ್ವಿಯನ್ನಿನಲ್ಲಿ ‘ಬ್ಲೈಂಡ್’ಗೆ ಎಲ್ಲೆಡೆ ‘ಅಕ್ಲ್ಸ್’ ಅಂದರೆ ಸಾಕೇ?

ಸಾಲದು. ಎಷ್ಟು ಸಲ ಕೇಳಿದರೂ ಉತ್ತರ ಇದೇ. ಲಾಟ್ವಿಯ ದೇಶದ ಈ ಭಾಷೆಯ ನಿಘಂಟಿನಲ್ಲಿ ಕುರುಡು ಎಂಬುದಕ್ಕೆ ‘ಅಕ್ಲ್ಸ್’ ಇದೆ ನಿಜ, ಆದರೆ ಅದನ್ನೇ ಎಲ್ಲ ಕಡೆಗೂ ಹಾಕಿದರೆ ಮಾತು ಕೆಡುತ್ತದೆ.

ಮೊದಲು ಮನುಷ್ಯರ ವಿಷಯ. ದೃಷ್ಟಿಯಿಲ್ಲದವರ ಬಗ್ಗೆ ಗೌರವದಿಂದ ಹೇಳುವಾಗ ಲಾಟ್ವಿಯದವರು ಬಳಸುವುದು ‘ನೆರೆದ್ಜೀಗ್ಸ್’, ಅಂದರೆ ಕಾಣದವರು. 1926ರಲ್ಲಿ ಹುಟ್ಟಿದ ಅವರ ಸಂಘದ ಹೆಸರಿನಲ್ಲೂ ಇದೇ ಪದವಿದೆ: ಲಾಟ್ವಿಯಸ್ ನೆರೆದ್ಜೀಗೊ ಬಿಯೆದ್ರೀಬ. ಮಂದದೃಷ್ಟಿಯವರಿಗೆ ‘ವಾಯ್‌ರೆದ್ಜೀಗ್ಸ್’ ಎಂಬ ಬೇರೆಯೇ ಪದವಿದೆ, ಎರಡನ್ನೂ ಬೆರೆಸಬೇಡಿ.

ನುಡಿಗಟ್ಟುಗಳಲ್ಲಿ ಎಡವುವುದು ಇನ್ನೂ ಹೆಚ್ಚು. ಕಂಡೂ ಕಾಣದಂತಿರುವುದು ಎಂಬರ್ಥದ ‘ಟರ್ನ್ ಎ ಬ್ಲೈಂಡ್ ಐ’ ಅನ್ನು ‘ಕುರುಡು ಕಣ್ಣು’ ಎಂದು ಪದಕ್ಕೆ ಪದ ಇಟ್ಟರೆ ಕೇಳಿದವರಿಗೆ ಅರ್ಥವೇ ಆಗದು. ಅಲ್ಲಿ ‘ಪಿಯೆವೇರ್ತ್ ಅತ್ಸಿಸ್’, ಕಣ್ಣು ಮುಚ್ಚಿಕೊಳ್ಳುವುದು. ಕನ್ನಡದ ದಾರಿಯೂ ಇದೇ ಆದ್ದರಿಂದ ನಮಗೆ ಇಂಗ್ಲಿಷಿನ ಮಧ್ಯಸ್ಥಿಕೆ ಬೇಕಿಲ್ಲ. ‘ಬ್ಲೈಂಡ್ ಆ್ಯಲಿ’ ಎಂಬ ಮುಂದೆ ದಾರಿಯಿಲ್ಲದ ಓಣಿ ‘ಸ್ತ್ರುಪ್‌ತ್ಸೆಲ್ಶ್’, ಮೊಂಡು ದಾರಿ. ಕಿಟಕಿಯ ಬ್ಲೈಂಡ್ಸ್ ‘ಝಲೂಜಿಯಸ್’. ಎರಡರಲ್ಲೂ ಕುರುಡುತನದ ಸುಳಿವೇ ಇಲ್ಲ.

‘ಅಕ್ಲ್ಸ್’ ಸರಿಹೊಂದುವ ಕಡೆಯೂ ವ್ಯಾಕರಣ ನೋಡಬೇಕು. ಪ್ರೀತಿ ಅಲ್ಲಿ ಸ್ತ್ರೀಲಿಂಗ, ಹಾಗಾಗಿ ‘ಪ್ರೀತಿ ಕುರುಡು’ ಎನ್ನಲು ‘ಮೀಲೆಸ್ತೀಬ ಇರ್ ಅಕ್ಲ’, ಕೊನೆಯ ಸ್ವರ ಹ್ರಸ್ವ. ದೊಡ್ಡ ಕರುಳು ಶುರುವಾಗುವ ಕಡೆ ಇರುವ ಚೀಲದಂಥ ಭಾಗ ‘ಅಕ್ಲಾ ಜರ್ನ’, ಕುರುಡುಗರುಳು. ಅದು ನಿರ್ದಿಷ್ಟ ರೂಪ (ಇಂಗ್ಲಿಷಿನ ‘ದ’ ಹಚ್ಚಿದಂತೆ) ಆದ್ದರಿಂದ ‘ಅಕ್ಲಾ’ದ ಸ್ವರ ದೀರ್ಘ. ಈ ಒಂದು ಮಾತ್ರೆ ತಪ್ಪಿದರೆ ವ್ಯಾಕರಣವೇ ತಪ್ಪಿದಂತೆ. ಕಣ್ಣಿಗೆ ಬಟ್ಟೆ ಕಟ್ಟಿ ಆಡುವ ಆಟದ ಹೆಸರು ನನಗೆ ಬಲು ಇಷ್ಟ: ‘ಅಕ್ಲಾಸ್ ವಿಸ್ತಿನ್ಯಸ್’, ಪುಟ್ಟ ಕುರುಡು ಕೋಳಿಗಳು.

ಯಾರೂ ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷಿನವರು ಕುರುಡಿಗೆ ಬಾವಲಿಯನ್ನು ಹೋಲಿಸಿದರೆ ಲಾಟ್ವಿಯದವರು ‘ಅಕ್ಲ್ಸ್ ಕಾ ಕುರ್ಮಿಸ್’ ಎನ್ನುತ್ತಾರೆ. ಕುರ್ಮಿಸ್ ಅಂದರೆ ನೆಲದಡಿ ಸುರಂಗ ತೋಡುವ ಮೋಲ್ ಎಂಬ ಪುಟ್ಟ ಪ್ರಾಣಿ. ಸತ್ಯಕ್ಕೆ ಹತ್ತಿರ ಇರುವುದು ಲಾಟ್ವಿಯದ ಮಾತೇ. ಮೋಲ್‌ನ ಪುಟ್ಟ ಕಣ್ಣಿಗೆ ಬೆಳಕು–ಕತ್ತಲೆಯ ವ್ಯತ್ಯಾಸಕ್ಕಿಂತ ಹೆಚ್ಚೇನೂ ತಿಳಿಯದು. ಬಾವಲಿಗಳಿಗೋ ಕಣ್ಣು ಕಾಣುತ್ತದೆ. ನಮ್ಮೂರ ಆಲದ ಮರಗಳಲ್ಲಿ ಜೋತುಬೀಳುವ ದೊಡ್ಡ ಬಾವಲಿಯಂತೂ ದಾರಿ ತಿಳಿಯಲು ತನ್ನ ಕೂಗಿನ ಪ್ರತಿಧ್ವನಿಯನ್ನು ನೆಚ್ಚಿಕೊಂಡಿಲ್ಲ, ಇರುಳಿನಲ್ಲಿ ಕಣ್ಣು, ಮೂಗುಗಳಿಂದಲೇ ಹಣ್ಣು ಹುಡುಕುತ್ತದೆ.