ತೆಗೆದ ಗೋಲಿ ವಾಪಸ್ ಹಾಕಿದಿರಾ?

ಒಂದು ಬಟ್ಟೆ ಚೀಲದಲ್ಲಿ ಒಂದೇ ಗಾತ್ರದ ಐದು ಗೋಲಿ ಹಾಕಿ: ಮೂರು ಕೆಂಪು, ಎರಡು ನೀಲಿ. ನೋಡದೆ ಒಂದು ತೆಗೆದು, ಬಣ್ಣ ಬರೆದುಕೊಂಡು, ವಾಪಸ್ ಹಾಕಿ, ಕುಲುಕಿ ಮತ್ತೊಂದು ತೆಗೆಯಿರಿ. ಎರಡೂ ಸಲ ಚೀಲದಲ್ಲಿದ್ದದ್ದು ಅದೇ ಐದು ಗೋಲಿ. ಹಾಗಾಗಿ ಎರಡೂ ಕೆಂಪಾಗುವ ಸಂಭವನೀಯತೆ 3/5 × 3/5 = 9/25, ನೂರಕ್ಕೆ 36. ಇವು ಸ್ವತಂತ್ರ ಘಟನೆಗಳು.

ಮೊದಲ ಗೋಲಿಯನ್ನು ಹೊರಗೇ ಇಟ್ಟರೆ? ಅದು ಕೆಂಪಾಗಿದ್ದರೆ ಒಳಗೆ ಉಳಿದದ್ದು ಎರಡು ಕೆಂಪು, ಎರಡು ನೀಲಿ. ಈಗ ಲೆಕ್ಕ 3/5 × 2/4, ನೂರಕ್ಕೆ 30. ಇವು ಅವಲಂಬಿತ ಘಟನೆಗಳು.

ಹತ್ತು ಸಲ ಆಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ. ನೂರು ಸಲ ಆಡಿದರೂ 36 ಬರಬೇಕಾದಲ್ಲಿ 31, 30 ಬರಬೇಕಾದಲ್ಲಿ 34 ಬರುವುದು ಮಾಮೂಲು. ಆರರ ಅಂತರ ಆ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ. ಎರಡೂ ಬಗೆಯಲ್ಲಿ ಐನೂರೈನೂರು ಸಲ ಆಡಿ: 180 ಮತ್ತು 150ರ ಆಸುಪಾಸು ಬಂದೀತು. ಕುಲುಕುವುದನ್ನಂತೂ ಮರೆಯಬೇಡಿ. ವಾಪಸ್ ಹಾಕಿದ ಗೋಲಿ ಮೇಲೆಯೇ ಕೂತಿದ್ದರೆ ಕೈಗೆ ಮತ್ತೆ ಅದೇ ಸಿಗುತ್ತದೆ; ಸ್ವತಂತ್ರ ಅಂದುಕೊಂಡ ಆಟ ಸದ್ದಿಲ್ಲದೆ ಅವಲಂಬಿತವಾಗಿರುತ್ತದೆ.

1913ರಲ್ಲಿ ಮಾಂಟೆ ಕಾರ್ಲೋದ ಕ್ಯಾಸಿನೊದಲ್ಲಿ ರೂಲೆಟ್ (ಕೆಂಪು, ಕಪ್ಪು ಮನೆಗಳಿರುವ ತಿರುಗುವ ಚಕ್ರದ ಜೂಜು) ಚೆಂಡು ಸತತ 26 ಸಲ ಕಪ್ಪಿಗೇ ಬಿತ್ತು. ಇನ್ನು ಕೆಂಪು ಬರಲೇಬೇಕೆಂದು ಹಣ ಸುರಿದವರು ಚಕ್ರವನ್ನೂ ಗೋಲಿ ವಾಪಸ್ ಹಾಕದ ಚೀಲವೆಂದುಕೊಂಡರು, ಕಪ್ಪು ಖಾಲಿಯಾಗುತ್ತಿದೆ ಎಂಬಂತೆ.

ಇನ್ನು ಸ್ವಲ್ಪ ತಲೆ ತಿರುಗಿಸುವ ಆಟ. ಮೊದಲ ಗೋಲಿಯನ್ನು ನೋಡದೆ ಮುಷ್ಟಿಯಲ್ಲೇ ಬಚ್ಚಿಡಿ. ಎರಡನೆಯದು ಕೆಂಪಾಗುವ ಸಂಭವನೀಯತೆ ಎಷ್ಟು? ಬದಲಾಗಿಲ್ಲ, 3/5. ಈಗ ಎರಡನೆಯದನ್ನು ತೆಗೆದು ನೋಡಿ. ಅದು ಕೆಂಪಾಗಿದ್ದರೆ ಮುಷ್ಟಿಯಲ್ಲಿರುವುದು ಕೆಂಪಾಗಿರುವ ಸಂಭವನೀಯತೆ 2/4ಕ್ಕೆ ಇಳಿಯುತ್ತದೆ. ಆಮೇಲೆ ತೆಗೆದ ಗೋಲಿ ಮೊದಲೇ ತೆಗೆದದ್ದರ ಬಣ್ಣ ಬದಲಿಸಲಾರದು. ಬದಲಾದದ್ದು ನಮಗೆ ಗೊತ್ತಿರುವ ಸಂಗತಿ. ಅವಲಂಬನೆ ಎಂದರೆ ಇಷ್ಟೇ: ಒಂದನ್ನು ತಿಳಿದರೆ ಇನ್ನೊಂದರ ಲೆಕ್ಕ ಬದಲಾಗುತ್ತದೆಯೇ?

ಇದೇ ಪ್ರಶ್ನೆಯನ್ನು ಎರಡು ದಾಳಗಳಿಗೆ ಕೇಳಿ. ಮೊತ್ತ 7 ಬರುವ ಸಂಭವನೀಯತೆ 6/36, ಅಂದರೆ 1/6. ಮೊದಲ ದಾಳದಲ್ಲಿ ಏನೇ ಬೀಳಲಿ, 7 ಮಾಡಲು ಎರಡನೆಯದರಲ್ಲಿ ಒಂದೇ ಒಂದು ಸಂಖ್ಯೆ ಇದೆ; ಆಗಲೂ 1/6. ಮೊತ್ತದೊಳಗೇ ಮೊದಲ ದಾಳ ಸೇರಿದ್ದರೂ ಇವು ಸ್ವತಂತ್ರ! 8ಕ್ಕೆ ಈ ಭಾಗ್ಯವಿಲ್ಲ. ಅದರ ಸಂಭವನೀಯತೆ 5/36. ಮೊದಲ ದಾಳದಲ್ಲಿ 6 ಬಿದ್ದರೆ 1/6ಕ್ಕೆ ಏರುತ್ತದೆ, 1 ಬಿದ್ದರೆ ಎರಡನೆಯದನ್ನು ಉರುಳಿಸುವ ಮೊದಲೇ ಆಸೆ ಬಿಡಬಹುದು.