ಬಿಂಗೆನ್‌ನ ಹಿಲ್ಡೆಗಾರ್ಡ್: ಸಂತ ಪದವಿಗೆ 833 ವರ್ಷ ಏಕೆ?

ಜರ್ಮನಿಯ ರೈನ್ ನದಿ ತೀರದಲ್ಲಿ ಬಾಳಿದ ಕ್ರೈಸ್ತ ಸನ್ಯಾಸಿನಿ ಹಿಲ್ಡೆಗಾರ್ಡ್‌ಳ ಹೆಸರು ಇಂದು ಸಂಗೀತ ಕಛೇರಿಗಳಲ್ಲೂ ಸ್ತ್ರೀವಾದಿ ಚರ್ಚೆಗಳಲ್ಲೂ ಗಿಡಮೂಲಿಕೆ ಅಂಗಡಿಗಳಲ್ಲೂ ಕೇಳಿಬರುತ್ತದೆ. ಆದರೆ 1179ರಲ್ಲಿ ತೀರಿಕೊಂಡ ಆಕೆಯನ್ನು ಕ್ಯಾಥೊಲಿಕ್ ಧರ್ಮಸಭೆ ಅಧಿಕೃತವಾಗಿ ಸಂತಳೆಂದು ಘೋಷಿಸಿದ್ದು 2012ರಲ್ಲಿ.

1098ರಲ್ಲಿ ಕುಲೀನ ಮನೆತನದಲ್ಲಿ ಹುಟ್ಟಿದ ಹಿಲ್ಡೆಗಾರ್ಡ್ ಹದಿಹರೆಯದಲ್ಲೇ ಡಿಸಿಬೋಡೆನ್‌ಬರ್ಗ್ ಮಠ ಸೇರಿ, 1136ರಲ್ಲಿ ಅಲ್ಲಿನ ಸನ್ಯಾಸಿನಿಯರ ಮುಖ್ಯಸ್ಥೆಯಾದಳು. 1141ರಿಂದ ತನಗಾದ ದೈವಿಕ ದರ್ಶನಗಳನ್ನು ಬರೆಯತೊಡಗಿ, ಅದಕ್ಕೆ ಪೋಪ್ ಮೂರನೇ ಯುಜೀನಿಯಸ್ ಅವರ ಸಮ್ಮತಿಯನ್ನೂ ಪಡೆದು, 1150ರ ಸುಮಾರಿಗೆ ಬಿಂಗೆನ್ ಬಳಿಯ ರೂಪರ್ಟ್ಸ್‌ಬರ್ಗ್‌ನಲ್ಲಿ ಸ್ವಂತ ಮಠ ಕಟ್ಟಿದಳು.

ಆಕೆಯ ಸ್ವಭಾವ ತಿಳಿಯಲು 1178ರ ಜಗಳವೊಂದೇ ಸಾಕು. ಒಮ್ಮೆ ಧರ್ಮಸಭೆಯಿಂದ ಬಹಿಷ್ಕೃತನಾಗಿದ್ದ ಶ್ರೀಮಂತನೊಬ್ಬನನ್ನು ರೂಪರ್ಟ್ಸ್‌ಬರ್ಗ್‌ನಲ್ಲಿ ಸಮಾಧಿ ಮಾಡಲಾಗಿತ್ತು. ಶವವನ್ನು ಹೊರತೆಗೆಯಿರಿ ಎಂದು ಮೈನ್ಸ್ ನಗರದ ಧರ್ಮಾಧಿಕಾರಿಗಳು ಆಜ್ಞಾಪಿಸಿದರು. ಸಾಯುವ ಮುನ್ನ ಆತನಿಗೆ ಕ್ಷಮೆ ದೊರೆತಿತ್ತೆಂದು ವಾದಿಸಿದ ಎಂಬತ್ತರ ಆ ಮುದುಕಿ ಸಮಾಧಿಯ ಗುರುತೇ ಸಿಗದಂತೆ ಮಾಡಿದಳೆಂದು ಹೇಳಲಾಗುತ್ತದೆ. ಇದಕ್ಕೆ ಶಿಕ್ಷೆಯಾಗಿ ಮಠಕ್ಕೆ ಪರಮಪ್ರಸಾದವೂ (ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿ) ಇಲ್ಲದಾಯಿತು, ನಿತ್ಯದ ಪ್ರಾರ್ಥನೆಗಳನ್ನು ಹಾಡುವಂತೆಯೂ ಇಲ್ಲವಾಯಿತು. ತಗ್ಗಿದ ದನಿಯಲ್ಲಿ ಓದಿಕೊಳ್ಳಲಷ್ಟೇ ಅವಕಾಶವಿತ್ತು. ಎಪ್ಪತ್ತಕ್ಕೂ ಹೆಚ್ಚು ಹಾಡುಗಳನ್ನು ಸ್ವತಃ ರಚಿಸಿದವಳಿಗೆ ಇದಕ್ಕಿಂತ ಕಠಿಣ ಶಿಕ್ಷೆ ಬೇರೊಂದಿರಲಾರದು. ಆಕೆ ಹಾಡು ನಿಲ್ಲಿಸಿದಳು, ಶವವನ್ನು ಮಾತ್ರ ಒಪ್ಪಿಸಲಿಲ್ಲ. ಪಾಪಕ್ಕೆ ಬೀಳುವ ಮುಂಚೆ ಮೊದಲ ಮಾನವ ಆದಾಮನ ದನಿ ದೇವದೂತರ ದನಿಯೊಂದಿಗೆ ಬೆರೆತಿತ್ತು, ಸಂಗೀತ ಆ ಸ್ಥಿತಿಯನ್ನು ನೆನಪಿಸುವುದರಿಂದಲೇ ಸೈತಾನನಿಗೆ ಅದು ಸಹಿಸದು, ತಕ್ಕ ಕಾರಣವಿಲ್ಲದೆ ದೇವಸ್ತುತಿಯನ್ನು ತಡೆದವರಿಗೆ ಪರಲೋಕದಲ್ಲಿ ದೇವದೂತರ ಸಾಂಗತ್ಯ ಸಿಗದು ಎಂದು ಆಕೆ ಆ ಅಧಿಕಾರಿಗಳಿಗೇ ಪತ್ರ ಬರೆದಳು. 1179ರ ಮಾರ್ಚ್‌ನಲ್ಲಿ ನಿಷೇಧ ತೆರವಾಯಿತು. ಸೆಪ್ಟೆಂಬರ್ 17ರಂದು ಆಕೆ ತೀರಿಕೊಂಡಳು.

ಸಂತ ಪದವಿಯ ವಿಚಾರಣೆ 1220ರ ದಶಕದಲ್ಲೇ ಶುರುವಾದರೂ 1233ರ ವರದಿಯಲ್ಲಿ ವಿವರಗಳು ಸಾಲವೆಂದು ರೋಮ್ ಅದನ್ನು ಹಿಂದಿರುಗಿಸಿತು. ವರದಿ ತಯಾರಿಸಿದವರೂ ಆಕೆ ಹಿಂದೆ ಎದುರಿಸಿದ್ದ ಅದೇ ಮೈನ್ಸ್‌ನ ಪಾದ್ರಿವರ್ಗದವರೇ ಆಗಿದ್ದರೆಂಬುದು ಗಮನಾರ್ಹ. ಕಡತ ಅಲ್ಲಿಗೇ ನಿಂತಿತು. ಜನರ ಭಕ್ತಿ ನಿಲ್ಲಲಿಲ್ಲ. 1632ರಲ್ಲಿ ಸ್ವೀಡಿಷ್ ಸೈನಿಕರು ರೂಪರ್ಟ್ಸ್‌ಬರ್ಗನ್ನು ನಾಶ ಮಾಡಿದರು, 19ನೇ ಶತಮಾನದ ಆರಂಭದಲ್ಲಿ ಐಬಿಂಗೆನ್‌ನಲ್ಲಿ ಆಕೆಯೇ ಸ್ಥಾಪಿಸಿದ್ದ ಇನ್ನೊಂದು ಮಠವೂ ಮುಚ್ಚಿತು, 1904ರಲ್ಲಿ ಅಲ್ಲಿಯೇ ಹೊಸ ಮಠ ನೆಲೆಗೊಂಡಿತು. ಕೊನೆಗೆ 2012ರ ಮೇ ತಿಂಗಳಲ್ಲಿ ಪೋಪ್ 16ನೇ ಬೆನೆಡಿಕ್ಟ್ ಹೊಸ ವಿಚಾರಣೆಯಿಲ್ಲದೆಯೇ ಆಕೆಯ ಸಂತತ್ವವನ್ನು ಮಾನ್ಯ ಮಾಡಿ, ಅಕ್ಟೋಬರ್‌ನಲ್ಲಿ ಬೋಧನೆಯಿಂದ ಧರ್ಮಸಭೆಗೆ ದಾರಿ ತೋರಿದ ಸಂತರಿಗೆ ಸಲ್ಲುವ ‘ಧರ್ಮಸಭೆಯ ಪಂಡಿತೆ’ ಎಂಬ ಬಿರುದನ್ನೂ ಕೊಟ್ಟರು. ಆವರೆಗೆ ಈ ಬಿರುದು ಪಡೆದ 35 ಮಂದಿಯಲ್ಲಿ ಹೆಂಗಸರು ನಾಲ್ವರೇ.

ಇತ್ತ 1970ರ ದಶಕದಿಂದ ಆಕೆಯ ಹೆಸರಿನಲ್ಲಿ ಒಂದು ಚಿಕಿತ್ಸಾ ಪದ್ಧತಿಯೇ ಹುಟ್ಟಿಕೊಂಡಿದ್ದು, ಡಿಂಕೆಲ್ ಎಂಬ ಹಳೆಯ ಗೋಧಿ ತಳಿಯ ಹಿಟ್ಟಿನಿಂದ ಹಿಡಿದು ಕಷಾಯಗಳವರೆಗೆ ಎಲ್ಲವೂ ಮಾರಾಟವಾಗುತ್ತಿವೆ. ಆಕೆಯ ಬರಹಗಳನ್ನು ಒಟ್ಟುಗೂಡಿಸಿದ, ಸುಮಾರು 15 ಕಿಲೋ ತೂಗುವ ಬೃಹತ್ ಹಸ್ತಪ್ರತಿ ವೀಸ್‌ಬಾಡೆನ್‌ನಲ್ಲಿದೆ. ದರ್ಶನ ಗ್ರಂಥಗಳು, ಪತ್ರಗಳು, ಹಾಡುಗಳು ಅದರಲ್ಲಿವೆ. ವೈದ್ಯ ಬರಹಗಳು ಮಾತ್ರ ಇಲ್ಲ. ಅವು ಆಕೆಯ ಕಾಲಾನಂತರದ ಪ್ರತಿಗಳಲ್ಲಷ್ಟೇ ಉಳಿದಿದ್ದು, ಅವುಗಳಲ್ಲಿ ಆಕೆಯದೆಷ್ಟು, ಸೇರ್ಪಡೆಯೆಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.